ತೀರ್ಥ ಮೂಸಿ ನೋಡಿದ ಬಾಯಾರು

ದೇವರ ತೀರ್ಥವನ್ನು ಮೂಸಿ ನೋಡಿದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಇಳಕಲ್ಲಿನ ನಮ್ಮ ಓಣಿಯಲ್ಲಿ, ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ಅಂದು ಶುಕ್ರವಾರ. ಹೊಸ ನೆರೆಯವರನ್ನು ಬರಿಗೈಯಲ್ಲಿ ಹೇಗೆ ಮಾತನಾಡಿಸುವುದೆಂದು ಪೂಜೆ ಮುಗಿಸಿ ತಾಮ್ರದ ಗಿಂಡಿಯಲ್ಲಿ ತೀರ್ಥ, ಬಟ್ಟಲಲ್ಲಿ ಸಜ್ಜಕ ಹಿಡಿದು ಹೋದೆ. ಅವರು ಸೆರಗು ಸರಿಮಾಡಿಕೊಂಡು ಕೈ ಒಡ್ಡಿದರು. ತೀರ್ಥ ಹಾಕಿದೆ. ಅಂಗೈ ಬಾಯಿಗೆ ಹೋಗುವ ಬದಲು ಮೂಗಿಗೆ ಹೋಯಿತು.

"ಈ ನೀರು ಯಾವ ಬಾವೀದ್ರಿ, ವೈನಿ?"

"ನಮ್ಮ ಹಿತ್ತಲ ಬಾವೀದು. ಓಣಿ ಮಂದಿಗೆಲ್ಲ ದೇವರ ನೀರು ಅದ."

ಅವರು ಕೈಯನ್ನು ಕಣ್ಣಿಗೊತ್ತಿಕೊಂಡು ತೀರ್ಥವನ್ನು ತುಳಸಿಯ ಬುಡಕ್ಕೆ ಬಿಟ್ಟರು. "ತಪ್ಪು ತಿಳೀಬ್ಯಾಡ್ರಿ. ಸಜ್ಜಕಕ್ಕ ಯಾವ ನೀರು ಹಾಕೀರಿ?"

"ನಳದ್ದು."

"ಹಂಗಾದ್ರ ಕೊಡ್ರಿ ಇಲ್ಲೆ," ಎಂದು ಬಟ್ಟಲು ಕಸಿದುಕೊಂಡು ನಿಂತಲ್ಲೇ ತಿಂದರು. ಏಲಕ್ಕಿ ಒಂದು ಹೆಚ್ಚಾಗಿದೆ ಎಂದೂ ಹೇಳಿದರು.

ಮುಖ ಉರಿಯುತ್ತ ಮನೆಗೆ ಬಂದೆ. ನಮ್ಮ ಕುಲದೇವತೆ ಬನಶಂಕರಿ. ಅವಳ ಮೈಮೇಲಿಂದ ಇಳಿದ ನೀರನ್ನು ಮೂಸುವುದೆಂದರೇನು?

ಪಾಠ ಹೇಳುವಾಕೆಯೆಂದು ಓಣಿ ಅವರನ್ನು ಬಾಯಾರು ಎಂದು ಕರೆಯಿತು. ಹುನಗುಂದದ ಕಡೆ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಈಗ ನಿವೃತ್ತರಾಗಿ ಬಾದಾಮಿಗೆ, ತಮ್ಮ ತಂಗಿಯ ಮನೆಯ ಪಕ್ಕಕ್ಕೆ ಹೋಗಿದ್ದಾರೆ. ಹೋಗುವ ಮುಂಚೆ, "ನಿಮ್ಮ ಬಗ್ಗೆ ನಾಲ್ಕು ಮಾತು ಬರೀತೇನಿ," ಎಂದೆ. "ಬರೀರಿ. ನನ್ನ ಹೆಸರು ಹಾಕಬ್ಯಾಡ್ರಿ, ಮೂಲಂಗಿ ಹೆಸರು ಹಾಕ್ರಿ," ಎಂದರು. ಅವರ ಮಾತಿನಂತೆಯೇ ಹೆಸರು ಬಿಟ್ಟಿದ್ದೇನೆ. ಮೂಲಂಗಿ ತಾನಾಗಿಯೇ ಬರುತ್ತದೆ.

ಅವರ ಮೂಗೇ ಹಾಗಿತ್ತು. ಉಪ್ಪಿನಕಾಯಿ ಕೊಟ್ಟರೆ ಮೊದಲು ಮೂಸುವುದು, ಹೊಸ ಸೀರೆ ತಂದರೆ ಮೂಸುವುದು. ಇಳಕಲ್ ಸೀರೆಯನ್ನೇ ಉಡುತ್ತಿದ್ದರು. ಉಡುವ ಮುಂಚೆ ಬಕೆಟ್ಟಿನಲ್ಲಿ ಅದ್ದಿ, ನೀರಿಗೆ ಎಷ್ಟು ಬಣ್ಣ ಬಿಟ್ಟಿತೆಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸಂತೆಯಲ್ಲಿ ಮೂಲಂಗಿಯ ಬಾಲ ಮುರಿದು ಮೂಸುತ್ತಿದ್ದರೆ ಮಾರುವಾಕೆ, "ಬಾಯಾರ, ಅದು ಮಲ್ಲಿಗಿ ಅಲ್ರಿ," ಎನ್ನುತ್ತಿದ್ದಳು. ಅವರು ನಗುತ್ತಿರಲಿಲ್ಲ. "ಇದು ಬಾಡೇತಿ. ನಿನ್ನಿದು. ಇವತ್ತಿಂದು ಕೊಡು," ಎನ್ನುತ್ತಿದ್ದರು.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಮೊದಲ ನೋಡೂಣು, ಆಮ್ಯಾಲೆ ಮಾತಾಡೂಣು." ಮಳೆ ಬರುತ್ತದೇನ್ರಿ ಎಂದು ಕೇಳಿದರೂ ಅದೇ ಉತ್ತರ. ಕಣ್ಣಾರೆ ಕಾಣದೆ "ಆಗತೈತಿ" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಕಂಡ ಮೇಲೆ ಮಾತ್ರ ಯಾರಿಗೂ ಬಗ್ಗುತ್ತಿರಲಿಲ್ಲ.

ಆ ಶುಕ್ರವಾರದ ಸಂಜೆ ತಾವೇ ನಮ್ಮ ಹಿತ್ತಲಿಗೆ ಬಂದರು. ಬಾವಿಗೆ ಬಗ್ಗಿ ನೋಡಿದರು, ಕೊಡ ಇಳಿಸಿ ಸೇದಿದರು, ಮತ್ತೆ ಮೂಸಿದರು. "ವೈನಿ, ದವಾಖಾನಿ ನೆಲ ಒರಸೂ ಫಿನಾಯಿಲ್ ವಾಸನಿ ಗೊತ್ತೈತೆಲ್ಲ? ಅದರ ಬಳಗದ ವಾಸನಿ ಇದು. ಫಿನಾಲ್ ಅಂತಾರ. ಹತ್ರ ಎಲ್ಲೆರ ಬಣ್ಣ ಹಾಕ್ತಾರೇನು?"

ನಾನು ಗೋಡೆಯ ಕಡೆ ನೋಡಿದೆ. ಹಿತ್ತಲಿನ ಗೋಡೆಯಾಚೆಯೇ ನನ್ನ ಮೈದುನ ಶೇಖಪ್ಪನ ಬಣ್ಣದ ಮನೆ. ಅಲ್ಲಿ ಬಣ್ಣವಾದ ನೂಲು ನನ್ನ ಯಜಮಾನರ ಮಗ್ಗಕ್ಕೆ ಬರಬೇಕು. ಎರಡು ಸಂಸಾರದ ಅನ್ನ ಅದು. ಕೆಂಪು ಬಣ್ಣ ಹಾಕಿದ ಮೇಲೆ ಉಳಿದ ನೀರನ್ನು ಹಿಂದಿನ ತಗ್ಗಿಗೆ ಬಿಡುವುದು ಮಾವನವರ ಕಾಲದಿಂದ ನಡೆದುಬಂದದ್ದು. ವಾಸನೆ ನಮ್ಮ ಮೂಗಿಗೆ ರೂಢಿಯಾಗಿತ್ತು. ಹೊಸ ಮೂಗೊಂದು ಬರಬೇಕಾಯಿತು.

ಅವರು ಇದನ್ನು ನನಗೊಬ್ಬಳಿಗೇ ಹೇಳಿದ್ದು. ಆದರೆ ಎದುರು ಮನೆಯ ಗಂಗವ್ವ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಂಗವ್ವನ ಕಿವಿಗೆ ಬಿದ್ದದ್ದು ಓಣಿಯ ಕೊನೆಯ ಮನೆ ತಲುಪಲು ಚಹಾ ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

"ನಮ್ಮ ದೇವಿಗೆ ಇಷ್ಟು ವರ್ಷ ವಿಷ ಎರದಾರ!" ಎಂದಿತು ಓಣಿ.

ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು ತೀರ್ಮಾನ ಮಾಡಿದರು. ಪಲ್ಯದ ಹಬ್ಬಕ್ಕೆ ಮುಂಚೆ ಈ ನೀರಿಗೆ ಒಂದು ದಾರಿ ಆಗಬೇಕು. ಆಗದಿದ್ದರೆ ಶೇಖಪ್ಪ ಬಣ್ಣದ ಮನೆಗೆ ಕೀಲಿ ಹಾಕಬೇಕು. ಪಲ್ಯದ ಹಬ್ಬ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬನದ ಹುಣ್ಣಿಮೆಯ ಹೊತ್ತಿಗೆ ಸಿಕ್ಕಷ್ಟು ಬಗೆಯ ಕಾಯಿಪಲ್ಯೆ ಮಾಡಿ ದೇವಿಗೆ ಎಡೆ ಹಿಡಿಯುತ್ತೇವೆ. ನಮ್ಮವ್ವ ಬನಶಂಕರಿ ಕಾಯಿಪಲ್ಯೆಯ ದೇವಿ, ಶಾಕಂಭರಿ.

ಮರುದಿನ ಬೆಳಿಗ್ಗೆ ಬಾಯಾರು ನಮ್ಮ ಅಡಿಗೆಮನೆಗೆ ಬಂದರು. ನಾನು ತಲೆಯೆತ್ತದೆ ಬದನೆಕಾಯಿ ಹೆಚ್ಚುತ್ತಿದ್ದೆ.

"ನಾ ಮೂಸಿದ್ದಕ್ಕ ನಿಮ್ಮ ಮನಿ ಒಲಿ ಆರಬಾರ್ದು," ಎಂದು ಮಣೆ ಎಳೆದುಕೊಂಡು ಕುಳಿತರು. "ಬದನಿಕಾಯಿ ಹೆಚ್ಚಿಟ್ರ ಕರ್ರಗ ಯಾಕ ಆಗತೈತಿ ಹೇಳ್ರಿ?"

"ನೀರಾಗ ಹಾಕದಿದ್ರ ಆಗತೈತಿ. ಅದಕ್ಕ ಯಾಕ ಏನ್ ಬಂತು?"

"ಬದನಿಕಾಯಾಗೂ ಫಿನಾಲ್ ಬಳಗ ಐತಿ. ಅದರಾಗ ಇರೂ ಕಿಣ್ವ, ಗಾಳಿ ತಗಲಿದ ಕೂಡ್ಲೆ ಆ ಬಳಗಾನ ಹಿಡಿದು ಒಂದಕ್ಕೊಂದು ಗಂಟು ಹಾಕತೈತಿ. ಅದ ಕರಿ ಬಣ್ಣ. ಮೂಲಂಗಿ ಸಿಪ್ಪಿಯೊಳಗ ಅಂಥಾದ್ದ ಮತ್ತೊಂದು ಕಿಣ್ವ ಐತಿ. ಅದಕ್ಕ ಗಾಳಿ ಸಾಲೂದಿಲ್ಲ, ಚೂರು ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಅಷ್ಟು ಕೊಟ್ರ ಕೊಳಚಿ ನೀರಿನ್ಯಾಗಿನ ಫಿನಾಲನ್ನೂ ಗಂಟು ಹಾಕತೈತಿ. ಗಂಟು ದೊಡ್ಡದಾದ್ರ ನೀರಿನ್ಯಾಗ ಕರಗಿರಾಕ ಬರೂದಿಲ್ಲ. ಕೆಳಗ ಕೂಡತೈತಿ. ಮ್ಯಾಲಿನ ನೀರು ಸೋಸಿ ತಗೊಳ್ಳೂದು."

ಪೆರಾಕ್ಸೈಡ್ ನನಗೆ ಹೊಸದಲ್ಲ. ನೂಲು ಬೆಳ್ಳಗೆ ಮಾಡಲು ಶೇಖಪ್ಪ ಕ್ಯಾನುಗಟ್ಟಲೆ ತರುತ್ತಾನೆ. ಆದರೆ ಮೂಲಂಗಿ ಸಿಪ್ಪೆ? ನಾವು ಎಮ್ಮೆಗೆ ಹಾಕುವುದು!

"ಆಗತೈತೇನ್ರಿ ಖರೇನ?" ಎಂದೆ.

"ಮೊದಲ ನೋಡೂಣು," ಎಂದರು.

ಅಂದಿನಿಂದ ನಮ್ಮ ಮನೆಯ ಮೂಲಂಗಿ ಸಿಪ್ಪೆ ಎಮ್ಮೆಗೆ ತಪ್ಪಿತು. ನಾನು ಅರೆಯುವ ಕಲ್ಲಿನಲ್ಲಿ ತಣ್ಣೀರು ಹಾಕಿ ಅರೆದು, ಹಳೆಯ ಧೋತರದ ತುಂಡಿನಲ್ಲಿ ಹಿಂಡಿ ಬಾಟಲಿಗೆ ತುಂಬಿ ಕೊಡುತ್ತಿದ್ದೆ. ಅವರು ಅದನ್ನು ಹುನಗುಂದದ ಬಸ್ಸಿನಲ್ಲಿ ಕಾಲೇಜಿಗೆ ಒಯ್ಯುತ್ತಿದ್ದರು. ಮೂಲಂಗಿ ರಸದ ವಾಸನೆ ನಿಮಗೆ ಗೊತ್ತೇ ಇದೆ. ಒಂದು ದಿನ ತುಂಬಿದ ಬಸ್ಸಿನಲ್ಲಿ ಬಾಟಲಿಯ ಬೂಚು ಸಡಿಲಾಯಿತಂತೆ. ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತ, ಕಿಟಕಿ ತೆರೆಯುತ್ತ, ಒಬ್ಬ ಮುದುಕನನ್ನು ಎಲ್ಲರೂ ಸೇರಿ ದುರುಗುಟ್ಟಿ ನೋಡತೊಡಗಿದರಂತೆ. ಬಾಯಾರು ಎದ್ದು ನಿಂತು, ತರಗತಿಯಲ್ಲಿ ನಿಂತವರ ಹಾಗೆ, "ಅದು ಅಜ್ಜಾಂದಲ್ರಿ, ನಂದು. ಮೂಲಂಗಿ ರಸ," ಎಂದರಂತೆ. ಕಂಡಕ್ಟರ್ ಮರುದಿನದಿಂದ ಅವರಿಗೆ ಕಿಟಕಿಯ ಸೀಟನ್ನೇ ಕಾದಿಡುತ್ತಿದ್ದ. ನೋಡಿ, ಅದೂ ಒಂದು ಪುಣ್ಯವೇ.

ಕಾಲೇಜಿನಲ್ಲಿ ಏನೇನು ಮಾಡಿದರೋ ನನಗೆ ತಿಳಿಯದು. ಒಂದು ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ ಇಟ್ಟರು. ಎರಡರಲ್ಲೂ ಶೇಖಪ್ಪನ ಕೊಳಚೆ ನೀರು. ಒಂದಕ್ಕೆ ರಸ ಹಾಕಿ, ಪೆರಾಕ್ಸೈಡನ್ನು ಕೂಸಿಗೆ ಔಷಧಿ ಕುಡಿಸುವ ಹಾಗೆ ಹನಿಹನಿಯಾಗಿ ಬಿಟ್ಟರು. ನೀರು ಮೊದಲು ಕದಡಿತು, ಆಮೇಲೆ ಕಂದು ಚಕ್ಕೆ ಚಕ್ಕೆಯಾಗಿ ಒಡೆಯಿತು, ದೇವರ ದೀಪಕ್ಕೆ ಎಣ್ಣೆ ಹಾಕಿ ಬರುವಷ್ಟರಲ್ಲಿ ಚಕ್ಕೆ ತಳಕ್ಕಿಳಿಯತೊಡಗಿತು. ನಾನು ಕೈ ಮುಗಿದೆ. ಲೋಟಕ್ಕೋ ದೇವಿಗೋ, ಕೇಳಬೇಡಿ.

"ಲೋಟಾದಾಗ ಆತು," ಎಂದರು ಬಾಯಾರು. "ಬ್ಯಾರಲ್ ನೋಡೂಣು."

ಬ್ಯಾರಲ್ ನೋಡುವ ದಿನ ಬಂದದ್ದು ಪಲ್ಯದ ಹಬ್ಬದ ಹಿಂದಿನ ದಿನ. ಓಣಿಯ ಎಲ್ಲರೂ ಬಣ್ಣದ ಮನೆಯ ಅಂಗಳಕ್ಕೆ ಬಂದಿದ್ದರು. ಹಿರಿಯರಿಗೆ ಖುರ್ಚಿ ಹಾಕಿತ್ತು. ಶೇಖಪ್ಪ ಬ್ಯಾರಲ್ಲಿಗೆ ಕೊಳಚೆ ನೀರು ತುಂಬಿಟ್ಟಿದ್ದ, ಒಂದು ಬುಟ್ಟಿ ಮೂಲಂಗಿಯ ರಸ ಸಿದ್ಧವಿತ್ತು. ಬಾಯಾರು ರಬ್ಬರ್ ಕೈಗವಸು ಹಾಕಿಕೊಂಡು ರಸ ಸುರಿದರು, ಪೆರಾಕ್ಸೈಡ್ ಬಿಟ್ಟರು, ಕೋಲಿನಿಂದ ತಿರುವಿದರು.

ಏನೂ ಆಗಲಿಲ್ಲ.

ಕೆಂಪು ನೀರು ಕೆಂಪಾಗಿಯೇ ಇತ್ತು. ಒಂದು ಚಕ್ಕೆಯೂ ಇಲ್ಲ. ಜನ ಕಾದರು, ಆಕಳಿಸಿದರು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು, "ಬಾಯಾರ, ಇನ್ನೊಂದೀಟು ಬ್ಯಾಳಿ ಹಾಕ್ರಿ, ಸಾರರೆ ಆದೀತು," ಎಂದಳು. ಇಡೀ ಅಂಗಳ ನಕ್ಕಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ, ನಗಲಿಕ್ಕಲ್ಲ.

ಬಾಯಾರು ಯಾರ ಮುಖವನ್ನೂ ನೋಡಲಿಲ್ಲ. ಕೈಗವಸು ಕಳಚಿ ಬ್ಯಾರಲ್ಲಿನ ಹೊರಮೈಗೆ ಅಂಗೈ ಒತ್ತಿದರು. ಜ್ವರ ನೋಡುವ ಹಾಗೆ.

"ಬಿಸಿ ಐತಿ. ಶೇಖಪ್ಪ, ಇದನ್ಯಾಕ ಕಾಸಿದಿ?"

ಶೇಖಪ್ಪ ಹೆಮ್ಮೆಯಿಂದಲೇ ಮುಂದೆ ಬಂದ. "ನಸಿಕ್ಲೆ ಎದ್ದು ಕಾಸೀನ್ರಿ ಬಾಯಾರ. ಸೋಡಾನೂ ಹಾಕೀನಿ. ಪೆರಾಕ್ಸೈಡು ತಣ್ಣೀರಾಗ ಎಲ್ಲಿ ಕೆಲಸ ಮಾಡತೈತ್ರಿ? ನೂಲು ಬೆಳ್ಳಗ ಮಾಡಾಕ ನಮ್ಮಪ್ಪ ಹಂಗ ಕಲಿಸ್ಯಾನ. ಕುದಿಬೇಕು, ಸೋಡಾ ಬೇಕು. ನಿಮಗ ತ್ರಾಸ ಆಗಬಾರ್ದಂತ ನಾನ ತಯಾರ ಮಾಡಿಟ್ಟೆ."

ಬೇರೆ ಯಾರೇ ಆಗಿದ್ದರೂ ಆ ನೀರನ್ನು ಕಾಸುತ್ತಿರಲಿಲ್ಲ. ಬಣ್ಣದವರ ಮನೆಯಲ್ಲಿ ಹುಟ್ಟಿದವನೇ ಮಾಡಬಹುದಾದ ತಪ್ಪು ಅದು. ಅದೂ ಉಪಕಾರ ಮಾಡಲು ಹೋಗಿ.

"ಶೇಖಪ್ಪ, ಕುದಿಯೂ ಹಾಲಿಗೆ ಹೆಪ್ಪು ಹಾಕಿದ್ರ ಮೊಸರು ಆಗತೈತೇನು?"

"ಇಲ್ರಿ."

"ಯಾಕ?"

ಶೇಖಪ್ಪ ಬ್ಯಾರಲ್ ನೋಡಿದ, ಒಲೆ ನೋಡಿದ, ಕೊನೆಗೆ ನನ್ನನ್ನು ನೋಡಿದ. "ಅಯ್ಯಯ್ಯ ವೈನಿ, ನಾ ಹೆಪ್ಪನ್ನ ಸುಟ್ಟಬಿಟ್ಟೆನಲ್ಲ!"

ಬಾಯಾರು ಹಿರಿಯರ ಕಡೆ ತಿರುಗಿದರು. ದನಿ ಒಂದಿಷ್ಟೂ ಕುಗ್ಗಿರಲಿಲ್ಲ. "ಇದು ಅವನ ತಪ್ಪಲ್ರಿ. ಏನ್ ಮಾಡಬೇಕಂತ ಹೇಳಿದ್ದೆ, ಏನ್ ಮಾಡಬಾರ್ದಂತ ಹೇಳಿರಲಿಲ್ಲ. ಕಲಿಸಾಕಿ ನಾನು, ತಪ್ಪು ನಂದು. ಸಂಜಿತನಕ ಹೊತ್ತು ಕೊಡ್ರಿ. ತಣ್ಣನ್ನ ನೀರಾಗ ಮಾಡಿ ತೋರಸ್ತೇನಿ."

ಹಿರಿಯರು ಒಪ್ಪಿದರು. ಆದರೆ ಮೂಲಂಗಿ? ಬುಟ್ಟಿಯ ರಸವೆಲ್ಲ ಬಿಸಿನೀರಿನ ಪಾಲಾಗಿತ್ತು. ಶೇಖಪ್ಪ ಸೈಕಲ್ ಹತ್ತಿ ಬಜಾರಿಗೆ ಹೋದವನು ಬರಿಗೈಯಲ್ಲಿ ಬಂದ. ಪಲ್ಯದ ಹಬ್ಬದ ಮುನ್ನಾದಿನ ಇಳಕಲ್ಲಿನಲ್ಲಿ ಮೂಲಂಗಿ ಉಳಿಯುತ್ತದೆಯೇ? ಮನೆಮನೆಯ ದೇವರ ಮುಂದೆ ಮೀಸಲಾಗಿ ಕುಳಿತುಬಿಟ್ಟಿತ್ತು. ಮೀಸಲೆಂದರೆ ಮೀಸಲು, ದೇವಿಗೆ ಎಡೆಯಾಗುವ ತನಕ ಅದನ್ನು ಯಾವುದಕ್ಕೂ ಮುಟ್ಟುವಂತಿಲ್ಲ.

ನನ್ನ ದೇವರ ಮನೆಯಲ್ಲೂ ಒಂದು ಮೊರ ತುಂಬ ಬಿಳಿ ಮೂಲಂಗಿ ಇತ್ತು. ಎಲೆಸಮೇತ, ಅರಿಷಿಣ ಕುಂಕುಮ ಹಚ್ಚಿ ಇಟ್ಟದ್ದು.

ಅದರ ಮುಂದೆ ನಿಂತೆ. ಬಹಳ ಹೊತ್ತು ನಿಲ್ಲಲಿಲ್ಲ. ನನಗೆ ಶಾಸ್ತ್ರ ಗೊತ್ತಿಲ್ಲ, ಅವ್ವ ಗೊತ್ತು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯೆ ಬೆಳೆದು ಮಕ್ಕಳಿಗೆ ಉಣಿಸಿದವಳು ಅವಳು. ತನ್ನ ಬಾವಿಗೆ ತನ್ನ ಮೂಲಂಗಿ ಬೇಕೆಂದರೆ ಬೇಡ ಅಂದಾಳೇ? ಮೊರ ಎತ್ತಿಕೊಂಡು ಬಂದೆ.

ಕುಂಕುಮ ಕಂಡ ಬಾಯಾರು ಹಿಂದೆ ಸರಿದರು. "ಬ್ಯಾಡ್ರಿ ವೈನಿ. ದೇವರದ್ದು ಮುಟ್ಟೂದಿಲ್ಲ ನಾ."

ಗುಡಿಗೆ ಬಾರದ, ಉಪವಾಸ ಮಾಡದ ಬಾಯಾರು ಹಾಗೆಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

"ನೀವು ಮುಟ್ಟಬ್ಯಾಡ್ರಿ, ನಾ ಅರೀತೇನಿ," ಎಂದೆ. "ನನಗೂ ಅಕಿಗೂ ಬಿಟ್ಟ ಮಾತದು."

ಗಂಗವ್ವ ಬಿಟ್ಟಾಳೇ? "ನಾಳೆ ಎಡಿಯಾಗ ಮೂಲಂಗಿ ಇಲ್ಲದ ಏನ್ ಇಡ್ತಿಯವಾ? ಬ್ಯಾರಲ್ ಇಡ್ತಿ?"

"ಬಾವಿ ಇಡ್ತೇನಿ," ಎಂದೆ. ಎಲ್ಲಿಂದ ಬಂತೋ ಆ ಮಾತು. ಬಂದದ್ದಂತೂ ಹೌದು.

ಅರೆದೆ, ಹಿಂಡಿದೆ. ಶೇಖಪ್ಪ ತಗ್ಗಿನಿಂದ ಬೇರೆ ನೀರು ತುಂಬಿದ. ಬಾಯಾರು ಬಣ್ಣದ ಮನೆಯಲ್ಲೇ ಇದ್ದ ಹುಳಿ ಆಸಿಡ್ಡಿನಿಂದ ಕೊಳಚೆ ನೀರಿನಲ್ಲಿ ಮೊದಲೇ ಇದ್ದ ಸೋಡಾದ ಗುಣ ಇಳಿಸಿ, ಕಾಗದದ ಚೂರು ಅದ್ದಿ ಬಣ್ಣ ನೋಡಿ, ತಲೆಯಾಡಿಸಿದರು. ರಸ ಹಾಕಿದರು. ಈ ಸಲ ಪೆರಾಕ್ಸೈಡ್ ಬಿಡುವ ಕೆಲಸ ಶೇಖಪ್ಪನಿಗೇ ಕೊಟ್ಟರು, ಕೈಗವಸು ಹಾಕಿಸಿ. "ಸಣ್ಣಂಗ, ಸಣ್ಣಂಗ. ಹೆಚ್ಚು ಕೊಟ್ರೂ ಅದು ಸಾಯತೈತಿ." ದೊಡ್ಡ ಗಂಡಸು ನಾಲಿಗೆ ಕಚ್ಚಿಕೊಂಡು ತೊಟ್ಟು ತೊಟ್ಟು ಬಿಡುತ್ತಿದ್ದ.

ಕದಡಿತು. ಕಂದಾಯಿತು. ಚಕ್ಕೆ ಒಡೆಯಿತು. ಹೊತ್ತು ಇಳಿಯುವಷ್ಟರಲ್ಲಿ ತಳದಲ್ಲಿ ಕೆಸರು ಕೂತು, ಮೇಲೆ ಅಕ್ಕಿ ತೊಳೆದಂಥ ನೀರು ನಿಂತಿತು. ಬಾಯಾರು ಅದನ್ನು ಧೋತರದಲ್ಲಿ ಸೋಸಿ, ಲೋಟಕ್ಕೆ ತುಂಬಿ, ಹಿರಿಯರನ್ನು ದಾಟಿ ನೇರ ಗಂಗವ್ವನ ಮುಂದೆ ಹಿಡಿದರು.

"ನಿಮ್ಮ ಮೂಗು ಖಡಕ್ ಐತಿ. ನೀವ ಮೂಸ್ರಿ. ಕುಡೀಬ್ಯಾಡ್ರಿ ಮತ್ತ."

ಗಂಗವ್ವ ಮೂಸಿದಳು. ಇನ್ನೊಮ್ಮೆ ಮೂಸಿದಳು. ಅಂಗಳವೆಲ್ಲ ಅವಳ ಬಾಯಿಯನ್ನೇ ನೋಡುತ್ತಿತ್ತು.

"ಬರೇ ಮೂಲಂಗಿ ವಾಸನಿ," ಎಂದಳು ಗಂಗವ್ವ, ಸೋತವಳ ಹಾಗೆ. "ಬ್ಯಾರೆ ಏನಿಲ್ಲ."

ಬಣ್ಣದ ಮನೆಗೆ ಕೀಲಿ ಬೀಳಲಿಲ್ಲ. ಮರುದಿನ ನಸುಕಿನಲ್ಲಿ ಬಾಗಿಲು ತೆರೆದರೆ ನನ್ನ ಹೊಸ್ತಿಲ ಮೇಲೆ ಕುಂಕುಮ ಹಚ್ಚಿದ ಒಂದು ಮೂಲಂಗಿ ಇತ್ತು. ಗಂಗವ್ವನ ಮೀಸಲು. ಅವಳು ಈಗಲೂ ತಾನಲ್ಲ ಎನ್ನುತ್ತಾಳೆ.

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ಬಾಯಾರು ಯಾರಿಗೂ ಹೇಳಲು ಬಿಡಲಿಲ್ಲ. "ಫಿನಾಲ್ ಬಳಗ ಹೋತು. ಉಪ್ಪು ಹೋಗೂದಿಲ್ಲ, ಎಲ್ಲಾ ಬಣ್ಣಾನೂ ಹೋಗೂದಿಲ್ಲ," ಎಂದು ಕಟ್ಟೆಯ ಮೇಲೆ ನಿಂತು ಹೇಳಿದರು. ತಗ್ಗು ಮುಚ್ಚಿಸಿ, ನೆಲಕ್ಕೆ ನೀರು ಇಳಿಯದಂತೆ ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ಕೂತ ಕೆಸರನ್ನು ಶೇಖಪ್ಪ ಗಟಾರಿಗೆ ಸುರಿಯಲು ಹೋದಾಗ, "ಅಲ್ಲೋ, ಹಿಡಿದ ಕಳ್ಳನ್ನ ಮತ್ತ ಓಣ್ಯಾಗ ಬಿಡ್ತಿಯೇನು?" ಎಂದು ಬೈದು, ಒಣಗಿಸಿ ಚೀಲಕ್ಕೆ ತುಂಬಿ ಬೇರೆ ಇಡುವುದನ್ನು ಕಲಿಸಿದರು. ಸೋಸಿದ ನೀರನ್ನೂ ಹೊರಗೆ ಬಿಡಗೊಡಲಿಲ್ಲ. ಅದರಲ್ಲೇ ಮತ್ತೆ ನೂಲು ತೊಳೆಯಬೇಕು. ಸಂತೆಯಲ್ಲಿ ಬಾಡಿದ ಮೂಲಂಗಿ, ಖಾನಾವಳಿಯ ಸಿಪ್ಪೆ ಈಗ ಶೇಖಪ್ಪನ ಪಾಲು. ಮಾರುವಾಕೆ ಅವನಿಗೂ ಹೇಳುತ್ತಾಳಂತೆ: "ಅಣ್ಣಾ, ಅದು ಮಲ್ಲಿಗಿ ಅಲ್ಲ."

ಆದರೆ ಬಾವಿ? ನೆಲದೊಳಗೆ ಇಳಿದದ್ದನ್ನು ಯಾವ ಮೂಲಂಗಿಯೂ ಹಿಡಿಯಲಾರದು ಎಂದರು ಬಾಯಾರು. ಹೊಸದು ಸೇರದಂತೆ ನೋಡಿಕೊಂಡು, ಹಳೆಯದು ಕರಗಿ ಹೋಗುವ ತನಕ ಕಾಯಬೇಕು. ಅಲ್ಲಿಯವರೆಗೆ ದೇವಿಗೆ ನಳದ ನೀರು. ನನಗೆ ಅದು ಸಣ್ಣ ಸಂಕಟವಾಗಿರಲಿಲ್ಲ. ಮದುವೆಯಾಗಿ ಬಂದ ಮರುದಿನದಿಂದ ಮಡಿಯಲ್ಲಿ ಸೇದಿದ ಬಾವಿ ಅದು. ನಳ ತಿರುಗಿಸಿ ಗಿಂಡಿ ತುಂಬಿಸುವಾಗ ಅವ್ವನ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಮಳೆಗಾಲ ಬಂತು, ಹೋಯಿತು; ಇನ್ನೊಂದು ಬಂತು. ಬಾಯಾರು ಆಗಾಗ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ, ಬಾಗಲಕೋಟೆಗೆ ಹೋದಾಗ ಪರೀಕ್ಷೆಗೆ ಕೊಟ್ಟು ಬರುತ್ತಿದ್ದರು. ಪ್ರತಿ ಸಲ ನಾನು ಬಾಗಿಲಲ್ಲಿ ನಿಂತು, "ಏನಾತ್ರಿ?" ಎನ್ನುವುದು, ಅವರು, "ಇನ್ನೂ ಐತಿ. ಕಡಿಮಿ ಆಗೇತಿ," ಎನ್ನುವುದು. ನನ್ನ ಮೂಗಿಗೆ ಏನೂ ಹತ್ತುತ್ತಿರಲಿಲ್ಲ. "ಮೂಗು ಸಾಕಾಗೂದಿಲ್ರಿ, ನಂದೂ ಸಾಕಾಗೂದಿಲ್ಲ," ಎನ್ನುತ್ತಿದ್ದರು. ನಾನು ಅಷ್ಟಕ್ಕೂ ಒಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದೆ. ಕಡಿಮೆಯಾಯಿತೆಂಬುದೇನು ಸಣ್ಣ ಕೃಪೆಯೇ?

ಅವರ ನಿವೃತ್ತಿಯ ವಾರ ಬಂತು. ಸಾಮಾನು ಕಟ್ಟಿಯಾಗಿತ್ತು. ಅಂದೂ ಶುಕ್ರವಾರವೇ. ಬಾಗಲಕೋಟೆಗೆ ಹೋದವರು ಸಂಜೆಯ ಬಸ್ಸಿಗೆ ಇಳಿದು, ಮನೆಗೂ ಹೋಗದೆ, ಹೆಗಲ ಚೀಲದೊಂದಿಗೇ ನಮ್ಮ ಹಿತ್ತಲಿಗೆ ಬಂದರು. ನಾನು, "ಏನಾತ್ರಿ?" ಎಂದು ಕೇಳಿದೆ. ಅವರು ಕಾಲು ತೊಳೆದುಕೊಂಡರು. ತಾವೇ ಹಗ್ಗ ಹಿಡಿದು ಬಾವಿಗೆ ಕೊಡ ಇಳಿಸಿ ಸೇದಿದರು. ತುಂಬಿದ ಕೊಡವನ್ನು ನನ್ನ ಕೈಗೆ ಕೊಟ್ಟು, "ದೇವರಿಗೆ ಎರೀರಿ, ನಾ ಕುಂಡರ್ತೇನಿ," ಎಂದು ಕಟ್ಟೆಯ ಮೇಲೆ ಕುಳಿತರು.

ದೇವರ ಮನೆಗೆ ಓಡುವ ಅವಸರಕ್ಕೆ ಅರ್ಧ ನೀರು ಸೀರೆಯ ಮೇಲೆ ಬಿತ್ತು. ಉಳಿದದ್ದು ಅವ್ವನಿಗೆ ಸಾಕಾಯಿತು.

ಗಿಂಡಿ ಹಿಡಿದು ಹೊರಗೆ ಬಂದಾಗ ಅವರು ಎದ್ದು ನಿಂತು ಸೆರಗು ಸರಿಮಾಡಿಕೊಂಡರು, ಕೈ ಒಡ್ಡಿದರು. ತೀರ್ಥ ಹಾಕಿದೆ.

ಬಾಯಾರು ಮೂಸಲಿಲ್ಲ. ಕುಡಿದರು. ಒದ್ದೆ ಅಂಗೈಯನ್ನು ನೆತ್ತಿಗೆ ಒರೆಸಿಕೊಂಡು, ಮತ್ತೆ ಕೈ ಒಡ್ಡಿದರು.

"ಇನ್ನೊಂದೀಟು ಹಾಕ್ರಿ ವೈನಿ. ಭಾಳ ದಿನದ್ದು ಬಾಕಿ ಐತಿ."